ಮೇಟಿಕಂಬವಿರುವ ನಿಲ್ದಾಣ

ನಮ್ಮಲ್ಲಿ ಕತೆಗೆ ವಿಮರ್ಶೆ ಉಂಟು, ಸಿನಿಮಾಕ್ಕೆ ಉಂಟು, ನಾಟಕಕ್ಕೂ ಉಂಟು. ಕಟ್ಟಡಕ್ಕೆ ಮಾತ್ರ ಅಪರೂಪ. ಗುಡಿ, ದರ್ಗಾ, ಕೋಟೆ ಕೊತ್ತಲಗಳಾದರೆ ಇತಿಹಾಸದ ಮೇಷ್ಟ್ರುಗಳು ಬರೆಯುತ್ತಾರೆ. ಆದರೆ ನಾವು ದಿನವೂ ಕಾಲಿಟ್ಟು ದಾಟುವ ಬಸ್‌ಸ್ಟ್ಯಾಂಡು, ಸರ್ಕಾರಿ ಆಸ್ಪತ್ರೆ, ತಾಲ್ಲೂಕು ಕಚೇರಿ, ರೈಲು ನಿಲ್ದಾಣಗಳ ಬಗ್ಗೆ ಗೊಣಗುತ್ತೇವೆಯೇ ಹೊರತು ಅವನ್ನು ಒಂದು ಕೃತಿ ಎಂದು ಓದುವುದಿಲ್ಲ. ಇಂಥ ಕಟ್ಟಡಗಳನ್ನು ಯಾರೋ ಕೂತು ಯೋಚಿಸಿ ಬರೆದಿರುತ್ತಾರೆ ಎಂಬುದೇ ನಮ್ಮ ಮನಸ್ಸಿಗೆ ಬರುವುದಿಲ್ಲ. ಎಲ್ಲಿ ಬಾಗಿಲು, ಎಲ್ಲಿ ಕಿಟಕಿ, ಜನ ಎಲ್ಲಿ ನಿಲ್ಲಬೇಕು, ಯಾರು ಯಾರನ್ನು ತಲೆಯೆತ್ತಿ ನೋಡಬೇಕು ಎಂಬುದೆಲ್ಲ ಅಲ್ಲಿ ನಿರ್ಧಾರವಾಗಿರುತ್ತದೆ. ಕತೆಗಾರನೊಬ್ಬ ಕಟ್ಟಡದ ಬಗ್ಗೆ ಬರೆಯಲು ಇಷ್ಟು ಕಾರಣ ಸಾಕೆಂದುಕೊಂಡು ಒಂದು ನಿಲ್ದಾಣವನ್ನು ಇಲ್ಲಿ ಓದಲು ಹೊರಟಿದ್ದೇನೆ.

ಅದು ಲಂಡನ್ನಿನ ಉತ್ತರದ ಉಪನಗರದಲ್ಲಿರುವ ಆರ್ನೋಸ್ ಗ್ರೋವ್. ಊರಿನ ನಡುವೆ ನೆಲದಡಿ ಓಡುವ ಪಿಕಡಿಲಿ ಮಾರ್ಗದ ರೈಲು ಉತ್ತರಕ್ಕೆ ಬರುತ್ತ ಸುರಂಗದಿಂದ ಹೊರಗೆ ತಲೆ ಹಾಕಿದ ಕೂಡಲೇ ಸಿಗುವ ನಿಲ್ದಾಣ. ಪ್ರವಾಸಿಗರು ಹೋಗುವ ಜಾಗವಲ್ಲ. ಸುತ್ತ ಇರುವುದು ಒಂದೇ ಅಚ್ಚಿನಲ್ಲಿ ತೆಗೆದಂಥ ಜೋಡಿಮನೆಗಳು, ಒಂದು ಉದ್ಯಾನ, ಬೋಸ್ ರಸ್ತೆ ಎಂಬ ಸಾಮಾನ್ಯ ರಸ್ತೆ. ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಸುಸ್ತಾಗಿ ಮರಳುವವರ ನಿಲ್ದಾಣ ಅದು. ಆದರೂ ಇಪ್ಪತ್ತನೆಯ ಶತಮಾನದ ಒಳ್ಳೆಯ ಕಟ್ಟಡಗಳ ಮಾತು ಬಂದಾಗ ಬಲ್ಲವರು ಮತ್ತೆ ಮತ್ತೆ ಇದರ ಹೆಸರು ತೆಗೆಯುತ್ತಾರೆ. ಯಾಕೆ ಎಂಬುದು ನೋಡಬೇಕಾದ ಸಂಗತಿ.

ಮೊದಲು ಅದರ ಹುಟ್ಟಿನ ಕತೆ. 1906ರಲ್ಲಿ ಶುರುವಾದ ಪಿಕಡಿಲಿ ಮಾರ್ಗ ಉತ್ತರದಲ್ಲಿ ಫಿನ್ಸ್‌ಬರಿ ಪಾರ್ಕ್ ಎಂಬಲ್ಲಿಗೆ ಮುಗಿದುಬಿಡುತ್ತಿತ್ತು. ಅದರಾಚೆಗೆ ನೆಲದಡಿ ರೈಲು ಬರಕೂಡದೆಂದು ಆ ಭಾಗದಲ್ಲಿ ಉಗಿಬಂಡಿ ಓಡಿಸುತ್ತಿದ್ದ ಗ್ರೇಟ್ ನಾರ್ದರ್ನ್ ಕಂಪನಿ ಮೊದಲೇ ಷರತ್ತು ಹಾಕಿಸಿಕೊಂಡಿತ್ತು. ತನ್ನ ಗಿರಾಕಿಗಳು ಕೈತಪ್ಪಬಾರದೆಂಬ ಲೆಕ್ಕ. ಕಂಪನಿಯ ಲೆಕ್ಕ ಸರಿಹೋಯಿತು, ಜನರ ಬದುಕು ಹೋಗಲಿಲ್ಲ. ಉತ್ತರದ ಬಡಾವಣೆಗಳು ಬೆಳೆದಂತೆ ಸಾವಿರಾರು ಜನ ಸಂಜೆ ಫಿನ್ಸ್‌ಬರಿ ಪಾರ್ಕಿನಲ್ಲಿ ಇಳಿದು ಬಸ್ಸು, ಟ್ರಾಮುಗಳಿಗಾಗಿ ನೂಕಾಡುವ ಪರಿಸ್ಥಿತಿ ಬಂತು. ಅಲ್ಲಿನ ನೂಕುನುಗ್ಗಲು ಪತ್ರಿಕೆಗಳಲ್ಲಿ, ಪಾರ್ಲಿಮೆಂಟಿನಲ್ಲಿ ಮಾತಾಯಿತು. 1923ರಲ್ಲಿ ಸುಮಾರು 30,000 ಸಹಿಗಳ ಮನವಿ ಸಾರಿಗೆ ಸಚಿವಾಲಯಕ್ಕೆ ಹೋಯಿತು. ಆದರೂ ಕೆಲಸ ಶುರುವಾಗಲು ಇನ್ನೊಂದು ಸಂಕಟವೇ ಬರಬೇಕಾಯಿತು: ನಿರುದ್ಯೋಗ. ಕೆಲಸ ಸೃಷ್ಟಿಸುವ ಸಾರ್ವಜನಿಕ ಕಾಮಗಾರಿಗಳಿಗೆ ಸರ್ಕಾರದ ನೆರವು ಮತ್ತು ಸಾಲದ ಖಾತರಿ ಕೊಡುವ ಕಾಯ್ದೆ 1929ರಲ್ಲಿ ಬಂತು. ಅದರ ಬಲದ ಮೇಲೆ ಫಿನ್ಸ್‌ಬರಿ ಪಾರ್ಕಿನಿಂದ ಕಾಕ್‌ಫಾಸ್ಟರ್ಸ್‌ವರೆಗೆ ಸುಮಾರು 12 ಕಿ.ಮೀ. ವಿಸ್ತರಣೆಯನ್ನು 1930ರಲ್ಲಿ ಕೈಗೆತ್ತಿಕೊಂಡರು.

ಆರ್ನೋಸ್ ಗ್ರೋವ್ ತೆರೆದದ್ದು 19 ಸೆಪ್ಟೆಂಬರ್ 1932ರಂದು. ಆರು ತಿಂಗಳು ಅದೇ ಕೊನೆಯ ನಿಲ್ದಾಣವಾಗಿತ್ತು. 1933ರ ಮಾರ್ಚ್ 13ರಂದು ರೈಲು ಮುಂದಕ್ಕೆ ಸಾಗಿತು, ಜುಲೈ 31ರಂದು ಕಾಕ್‌ಫಾಸ್ಟರ್ಸ್ ಮುಟ್ಟಿತು. ಹೆಸರಿನಲ್ಲೂ ಒಂದು ಕತೆಯಿದೆ. ಆರ್ನೋಸ್ ಗ್ರೋವ್ ಎಂಬುದು ಒಂದು ಹಳೆಯ ಬಂಗಲೆ ಮತ್ತು ಅದರ ತೋಟದ ಹೆಸರು. ಬಿಯರ್ ತಯಾರಿಕೆಯಿಂದ ಹಣವಂತರಾದ ವಾಕರ್ ಮನೆತನ ಬಹುಕಾಲ ಅದರ ಒಡೆತನ ಹೊಂದಿತ್ತು. ಆ ಎಸ್ಟೇಟಿನ ಭೂಮಿ ತುಂಡಾಗಿ ಒಂದು ಭಾಗ ಸಾರ್ವಜನಿಕ ಉದ್ಯಾನವಾಯಿತು, ಉಳಿದದ್ದರಲ್ಲಿ ಹೆಚ್ಚಿನ ಕಡೆ ಮನೆಗಳು ಎದ್ದವು. ಧಣಿಯ ತೋಟದ ಹೆಸರು ಗುಮಾಸ್ತರ ನಿಲ್ದಾಣಕ್ಕೆ ಬಂದು, ಅಲ್ಲಿಂದ ಇಡೀ ಬಡಾವಣೆಗೆ ಹರಡಿತು. ಊರು ಇದ್ದಲ್ಲಿಗೆ ರೈಲು ಬರುವುದು ಒಂದು ರೀತಿ. ಇಲ್ಲಿ ರೈಲು ಬಂದು ಊರಿಗೆ ಹೆಸರು ಕೊಟ್ಟಿತು.

ಈ ಕೆಲಸದ ಹಿಂದೆ ಇಬ್ಬರಿದ್ದರು. ಒಬ್ಬ ಫ್ರಾಂಕ್ ಪಿಕ್, ವಕೀಲಿ ಓದಿ 1906ರಲ್ಲಿ ಅಂಡರ್‌ಗ್ರೌಂಡ್ ಕಂಪನಿ ಸೇರಿದವನು. ಹತ್ತಾರು ಕಂಪನಿಗಳ ಕಲಸುಮೇಲೋಗರವಾಗಿದ್ದ ಲಂಡನ್ ಸಾರಿಗೆಗೆ ಒಂದು ಮುಖ ಕೊಟ್ಟವನು ಆತ. ಇವತ್ತಿಗೂ ಅಲ್ಲಿನ ಫಲಕಗಳಲ್ಲಿ ಕಾಣುವ ಅಕ್ಷರಗಳ ಮೂಲರೂಪವನ್ನು 1916ರಲ್ಲಿ ಎಡ್ವರ್ಡ್ ಜಾನ್‌ಸ್ಟನ್ ಕೈಯಲ್ಲಿ ಬರೆಸಿದವನೂ ಆತನೇ. ಒಂದು ವಸ್ತು ತಾನು ಮಾಡಬೇಕಾದ ಕೆಲಸಕ್ಕೆ ತಕ್ಕಂತಿದೆಯೇ ಎಂಬುದೊಂದೇ ಅವನ ಅಳತೆಗೋಲು. ಸಡ್ಬರಿ ಟೌನ್ ಎಂಬ ಇನ್ನೊಂದು ನಿಲ್ದಾಣ 1931ರಲ್ಲಿ ತೆರೆದ ಮೇಲೆ ಅಲ್ಲಿ ಕಾಸು ಹಾಕಿದರೆ ಸಾಮಾನು ಕೊಡುವ ಯಂತ್ರಗಳನ್ನು ಕಂಡಕಂಡಲ್ಲಿ ಇಟ್ಟದ್ದನ್ನು ನೋಡಿ ಕೆಂಡವಾದವನು. ಹೊಸಮನೆಯ ಗೋಡೆಗೆ ಯಾರೋ ಮೊಳೆ ಹೊಡೆದರೆ ಮನೆಯಾಕೆಗೆ ಬರುವ ಸಿಟ್ಟು ಅದು.

ಇನ್ನೊಬ್ಬ ಚಾರ್ಲ್ಸ್ ಹೋಲ್ಡನ್, ವಾಸ್ತುಶಿಲ್ಪಿ. 1875ರಲ್ಲಿ ಲ್ಯಾಂಕಾಶೈರಿನ ಬೋಲ್ಟನ್ ಕಡೆ ಹುಟ್ಟಿದ. ಅಪ್ಪನ ವ್ಯಾಪಾರ ಕೆಟ್ಟು ಸಣ್ಣ ವಯಸ್ಸಿನಲ್ಲೇ ಸಣ್ಣಪುಟ್ಟ ಕೆಲಸ ಹಿಡಿಯಬೇಕಾಯಿತು; ಕೆಲವು ದಿನ ರೈಲ್ವೆ ಗುಮಾಸ್ತನೂ ಆಗಿದ್ದ. ಅಮೆರಿಕದ ಕವಿ ವಾಲ್ಟ್ ವಿಟ್ಮನ್ ಎಂದರೆ ಪ್ರಾಣ. ಮಾಂಸ, ಮದ್ಯ ಮುಟ್ಟದ ಸರಳ ಬದುಕು. ಮೊದಲ ಮಹಾಯುದ್ಧದ ನಂತರ ಸತ್ತ ಸೈನಿಕರ ಸ್ಮಶಾನಗಳನ್ನು ರೂಪಿಸುವ ಕೆಲಸದಲ್ಲಿ ವರ್ಷಗಟ್ಟಲೆ ತೊಡಗಿದ್ದ. ಸಾವಿರಾರು ಸಮಾಧಿಗಳ ನಡುವೆ ಕೆಲಸ ಮಾಡಿದವನಿಗೆ ಅಲಂಕಾರದ ಮೇಲೆ ನಂಬಿಕೆ ಹೋಗುವುದು ಸಹಜ ಎಂದು ನನಗೆ ತೋರುತ್ತದೆ. ಮುಂದೆ ಎರಡು ಸಲ 'ಸರ್' ಪದವಿ ಹುಡುಕಿಕೊಂಡು ಬಂದಾಗ ಎರಡೂ ಸಲ ಬೇಡವೆಂದ. ಕಟ್ಟಡವೆಂಬುದು ಹಲವರು ಸೇರಿ ಮಾಡುವ ಕೆಲಸ, ಒಬ್ಬನಿಗೆ ಕಿರೀಟ ಯಾಕೆ ಎಂಬುದು ಅವನ ನಿಲುವು. ಪಿಕ್ ಕೂಡ ಅಂಥ ಬಿರುದನ್ನು ನಿರಾಕರಿಸಿದವನೇ.

1930ರ ಬೇಸಿಗೆಯಲ್ಲಿ ಇವರಿಬ್ಬರೂ ಜರ್ಮನಿ, ಡೆನ್ಮಾರ್ಕ್, ಸ್ವೀಡನ್, ಹಾಲೆಂಡುಗಳಿಗೆ ಹೋಗಿ ಅಲ್ಲಿನ ಹೊಸ ಕಟ್ಟಡಗಳನ್ನು ನೋಡಿಬಂದರು. ವಾಪಸಾದ ಮೇಲೆ ಹೋಲ್ಡನ್ ಕಟ್ಟಿದ ಉಪನಗರದ ನಿಲ್ದಾಣಗಳೆಲ್ಲ ಇಟ್ಟಿಗೆ, ಗಾಜು, ಕಾಂಕ್ರೀಟಿನವು. ಇಟ್ಟಿಗೆಯ ಡಬ್ಬಿಗೆ ಕಾಂಕ್ರೀಟಿನ ಮುಚ್ಚಳ ಎಂದು ಅವುಗಳನ್ನು ತಾನೇ ತಮಾಷೆ ಮಾಡುತ್ತಿದ್ದನಂತೆ. ಆರ್ನೋಸ್ ಗ್ರೋವ್‌ನಲ್ಲಿ ಮಾತ್ರ ಡಬ್ಬಿ ದುಂಡಗಾಯಿತು.

ಈಗ ಕಟ್ಟಡದ ಒಳಗೆ ಹೋಗೋಣ. ರಸ್ತೆಯಿಂದ ಮೊದಲು ಕಾಣುವುದು ಒಂದಂತಸ್ತಿನ, ತಗ್ಗಾದ, ಚೌಕಾಕಾರದ ಇಟ್ಟಿಗೆಯ ಕಟ್ಟು. ಅದರ ನಡುವಿನಿಂದ ಕಣಜದ ಹಾಗೆ ದುಂಡನೆಯ ಭಾಗವೊಂದು ಮೇಲೆದ್ದಿದೆ. ಕಣಜದ ಸುತ್ತ ಎತ್ತರದ ಕಿಟಕಿಗಳು, ಕಿಟಕಿಗಳ ನಡುವೆ ಇಟ್ಟಿಗೆಯ ಪಟ್ಟಿಗಳು. ಮೇಲೆ ಚಪ್ಪಟೆಯಾದ ಕಾಂಕ್ರೀಟಿನ ಸೂರು, ಗೋಡೆಯಿಂದ ಸ್ವಲ್ಪ ಹೊರಕ್ಕೆ ಚಾಚಿದ್ದು. ಅಷ್ಟೇ. ಗೋಪುರವಿಲ್ಲ, ಕೆತ್ತನೆಯಿಲ್ಲ, ಸಿಂಹವಿಲ್ಲ, ರಾಜಲಾಂಛನವಿಲ್ಲ. ಅದು ಬ್ರಿಟಿಷ್ ಸಾಮ್ರಾಜ್ಯ ಇನ್ನೂ ಭೂಗೋಳದ ತುಂಬ ಹಬ್ಬಿದ್ದ ಕಾಲವೆಂಬುದನ್ನು ನೆನಪಿಟ್ಟುಕೊಳ್ಳಬೇಕು. ಅದೇ ಸುಮಾರಿಗೆ ಆ ಸಾಮ್ರಾಜ್ಯ ನಮ್ಮ ದೆಹಲಿಯಲ್ಲಿ ವೈಸ್‌ರಾಯ್ ಅರಮನೆಯನ್ನು ಕಟ್ಟಿ ಮುಗಿಸಿತ್ತು. ಅಲ್ಲಿ ನೋಡುವವನನ್ನು ಕುಗ್ಗಿಸುವುದೇ ಕಟ್ಟಡದ ಕೆಲಸವಾಗಿತ್ತು. ಇಲ್ಲಿ ಅದೇ ದೇಶ ತನ್ನ ಗುಮಾಸ್ತರಿಗಾಗಿ ಬೇರೆ ಭಾಷೆಯಲ್ಲಿ ಮಾತಾಡಿದೆ.

ಒಳಗೆ ಕಾಲಿಟ್ಟರೆ ದುಂಡು ಹಜಾರ. ತಲೆಯ ಮೇಲೆ ಇದ್ದಕ್ಕಿದ್ದಂತೆ ಎತ್ತರ, ಸುತ್ತಲಿನ ಕಿಟಕಿಗಳಿಂದ ಬೆಳಕು. ಹಜಾರದ ನಟ್ಟನಡುವೆ ಒಂದೇ ಒಂದು ಕಾಂಕ್ರೀಟ್ ಕಂಬ. ಇಡೀ ಸೂರಿನ ಭಾರ ಅದರ ಮೇಲೆ. ಕಂಬದ ಬುಡವನ್ನು ಸುತ್ತಿಕೊಂಡು ಹಳೆಯ ಟಿಕೆಟ್ ಗೂಡಿದೆ. ಪ್ಯಾಸಿಮೀಟರ್ ಎಂದು ಅದಕ್ಕೆ ಹೆಸರು. ಒಳಗೆ ಕೂತ ನೌಕರ ಒಂದು ಕಡೆ ಟಿಕೆಟ್ ಕೊಡುತ್ತಿದ್ದ, ಬರುವವರು ಹೋಗುವವರು ಅದರ ಎರಡೂ ಬದಿಗೆ ಹಂಚಿಕೊಂಡು ಸಾಗುತ್ತಿದ್ದರು. ನಮ್ಮ ಹಳ್ಳಿಗಾಡಿನವರಿಗೆ ಇದನ್ನು ವಿವರಿಸುವುದು ಸುಲಭ. ಸುಗ್ಗಿಯ ಕಣದ ನಡುವೆ ಮೇಟಿಕಂಬ ನೆಟ್ಟು, ಅದಕ್ಕೆ ಕಟ್ಟಿದ ಎತ್ತುಗಳು ಸುತ್ತ ತುಳಿಯುತ್ತ ಹೋಗುವುದನ್ನು ಕಂಡವರಿಗೆ ಈ ಹಜಾರದ ನಕ್ಷೆ ಕಣ್ಣಿಗೆ ಕಟ್ಟುತ್ತದೆ. ಜನ ಸುತ್ತಬೇಕು, ಎಲ್ಲೂ ಗಂಟು ಬೀಳಬಾರದು. ದುಂಡು ಆಕಾರ ಚೆಂದಕ್ಕೆ ಬಂದದ್ದಲ್ಲ, ಜನರ ನಡಿಗೆಯಿಂದ ಬಂದದ್ದು. ಫಿನ್ಸ್‌ಬರಿ ಪಾರ್ಕಿನ ನೂಕುನುಗ್ಗಲಿಗೆ ಹೋಲ್ಡನ್ ಕೊಟ್ಟ ಉತ್ತರ ಈ ಕಣ.

ನಮ್ಮ ವಿಜಯಪುರದ ಗೋಳಗುಮ್ಮಟ ನೋಡಿದವರಿಗೆ ಇಲ್ಲೊಂದು ಹೋಲಿಕೆ ತಾನಾಗಿ ಹೊಳೆಯುತ್ತದೆ. ಸುಮಾರು 38 ಮೀಟರ್ ಒಳವ್ಯಾಸದ ಆ ಗುಮ್ಮಟಕ್ಕೆ ನಡುವೆ ಒಂದು ಕಂಬವೂ ಇಲ್ಲ. ಅದೇ ಅದರ ಹೆಮ್ಮೆ. ಇಷ್ಟು ಭಾರ ಯಾರೂ ಹೊರದೆ ಹೇಗೆ ನಿಂತಿದೆ ಎಂದು ನೋಡುಗ ಬೆರಗಾಗಬೇಕು. ಸುಲ್ತಾನನ ಸಮಾಧಿಗೆ ಆ ಬೆರಗು ಬೇಕಿತ್ತು. ಆರ್ನೋಸ್ ಗ್ರೋವ್ ಭಾರ ಹೊರುವವನನ್ನು ಮರೆಮಾಚುವುದಿಲ್ಲ. ಇಗೋ, ಇವನೇ ಹೊತ್ತಿರುವುದು ಎಂದು ನಡುವೆ ನಿಲ್ಲಿಸಿ ತೋರಿಸುತ್ತದೆ. ಒಂದು ರಾಜನ ನೆನಪಿಗೆ ತಕ್ಕ ಕಟ್ಟಡ, ಇನ್ನೊಂದು ಕೆಲಸಕ್ಕೆ ಹೊರಟವರಿಗೆ ತಕ್ಕದ್ದು. ಎರಡೂ ತಮ್ಮ ತಮ್ಮ ಮಟ್ಟಿಗೆ ಪ್ರಾಮಾಣಿಕ.

ಇನ್ನೊಂದು ಹೋಲಿಕೆಯನ್ನು ವಿಮರ್ಶಕರೇ ಎತ್ತುತ್ತಾರೆ. 1928ರಲ್ಲಿ ತೆರೆದ ಸ್ಟಾಕ್‌ಹೋಮ್ ನಗರ ಗ್ರಂಥಾಲಯವನ್ನು ಗುನ್ನಾರ್ ಆಸ್‌ಪ್ಲುಂಡ್ ಎಂಬ ಸ್ವೀಡಿಷ್ ವಾಸ್ತುಶಿಲ್ಪಿ ಇದೇ ರೀತಿ, ಚೌಕದ ಮೇಲೆ ದುಂಡು ನಿಲ್ಲಿಸಿ ಕಟ್ಟಿದ್ದ. ಹೋಲ್ಡನ್ ಅದನ್ನು ನೋಡಿದ್ದು ನಿಜ, ಅಲ್ಲಿಂದ ಪಡೆದದ್ದೂ ನಿಜ. ಹಾಗಾದರೆ ಇದು ನಕಲೇ? ಕತೆ ಬರೆಯುವವರಿಗೆ ಈ ಪ್ರಶ್ನೆ ಹೊಸದಲ್ಲ. ಯಾರಿಂದ ಪಡೆದ ಎನ್ನುವುದಕ್ಕಿಂತ ಪಡೆದದ್ದನ್ನು ಎಲ್ಲಿಗೆ ತಂದ ಎಂದು ನೋಡುವುದು ವಾಸಿ. ಸ್ಟಾಕ್‌ಹೋಮಿನಲ್ಲಿ ಓದುಗ ಮೆಟ್ಟಿಲು ಹತ್ತಿ, ಎತ್ತರದ ಬಾಗಿಲು ದಾಟಿ, ಸುತ್ತಲೂ ಪುಸ್ತಕಗಳಿರುವ ದುಂಡು ಹಜಾರಕ್ಕೆ ಏರುತ್ತಾನೆ. ಜ್ಞಾನಕ್ಕೆ ಹತ್ತಿ ಹೋಗಬೇಕು ಎಂಬ ಭಾವ ಅಲ್ಲಿದೆ. ಹೋಲ್ಡನ್ ಆ ದುಂಡನ್ನು ಎತ್ತಿ ತಂದು ರಸ್ತೆಬದಿಗೆ ಇಳಿಸಿದ. ಇಲ್ಲಿ ಯಾರೂ ಯಾವುದಕ್ಕೂ ಏರುವುದಿಲ್ಲ. ಕೈಯಲ್ಲಿ ಕೊಡೆ, ಊಟದ ಡಬ್ಬಿ ಹಿಡಿದು ಬಂದವನ ತಲೆಯ ಮೇಲೆ ಗ್ರಂಥಾಲಯಕ್ಕೆ ಇರಬೇಕಾದ ಎತ್ತರ, ಬೆಳಕು ಸುಮ್ಮನೆ ಬಂದು ಕೂರುತ್ತವೆ. ಅವನು ಕೇಳಿರಲಿಲ್ಲ, ಅದಕ್ಕಾಗಿ ಹೆಚ್ಚು ಕಾಸೂ ಕೊಟ್ಟಿಲ್ಲ. ನಕಲು ಮಾಡುವವನಿಗೆ ಇದು ಹೊಳೆಯುವ ಮಾತಲ್ಲ.

ಉರ್ದು ಕಾವ್ಯಮೀಮಾಂಸೆಯಲ್ಲಿ 'ಸಹ್ಲೆ ಮುಮ್ತನಾ' ಎಂಬ ಒಂದು ಪದವಿದೆ. ಎಷ್ಟು ಸುಲಭವಾಗಿ ಕಾಣುತ್ತದೆಂದರೆ ಇದನ್ನು ಯಾರು ಬೇಕಾದರೂ ಬರೆಯಬಹುದು ಎನಿಸಬೇಕು. ಬರೆಯಲು ಕೂತರೆ ಕೈಗೆ ಸಿಗಬಾರದು. ಅಂಥ ಸಾಲಿಗೆ ಆ ಹೆಸರು. ಮೀರ್ ತಖಿ ಮೀರನ ಷೇರ್‌ಗಳನ್ನು ನಮ್ಮ ಉಸ್ತಾದರು ಇದಕ್ಕೆ ಉದಾಹರಣೆಯಾಗಿ ಕೊಡುತ್ತಿದ್ದರು. ಕನ್ನಡ ಬಲ್ಲವರು ಸರ್ವಜ್ಞನನ್ನು ನೆನೆದರೆ ಸಾಕು. ಅವನನ್ನು ಓದಿ ನಾನೂ ಒಂದು ತ್ರಿಪದಿ ಹೊಸೆಯಬಲ್ಲೆ ಎಂದುಕೊಳ್ಳದ ಶಾಲಾ ಹುಡುಗರು ಕಡಿಮೆ. ಆರ್ನೋಸ್ ಗ್ರೋವ್ ನನ್ನ ಕಣ್ಣಿಗೆ ಸಹ್ಲೆ ಮುಮ್ತನಾ ಗುಣದ ಕಟ್ಟಡ. ಒಂದು ಚೌಕ, ಒಂದು ದುಂಡು, ಒಂದು ಕಂಬ. ಮಗುವೂ ಬರೆಯಬಹುದಾದ ಚಿತ್ರ. ಆದರೆ ಕಿಟಕಿ ಎಷ್ಟು ಅಗಲ, ಇಟ್ಟಿಗೆಯ ಪಟ್ಟಿ ಎಷ್ಟು ಸಪುರ, ಸೂರು ಎಷ್ಟು ಹೊರಕ್ಕೆ ಚಾಚಬೇಕು ಎಂಬ ಲೆಕ್ಕದಲ್ಲಿ ಗೇಣು ಆಚೀಚೆಯಾದರೆ ಇದು ನೀರಿನ ಟ್ಯಾಂಕಾಗಿಬಿಡುತ್ತಿತ್ತು. ಲೋಕದಲ್ಲಿ ದುಂಡು ಕಟ್ಟಡಗಳಿಗೆ ಬರವಿಲ್ಲ. ಅವುಗಳಲ್ಲಿ ಬಹಳಷ್ಟು ನೀರಿನ ಟ್ಯಾಂಕುಗಳಂತೆಯೇ ಕಾಣುತ್ತವೆ.

ಈ ಸರಳತೆ ಹೋಲ್ಡನ್ನನ ಒಬ್ಬನ ಪ್ರತಿಭೆಯಿಂದ ಬಂತೆಂದರೆ ಅವನೇ ಒಪ್ಪುತ್ತಿರಲಿಲ್ಲ. ಷೇರ್ ಒಂದಕ್ಕೆ ಹೇಗೆ ಛಂದಸ್ಸು, ಕಾಫಿಯಾ, ರದೀಫ್‌ಗಳ ಹಳೆಯ ಶಿಸ್ತು ಬೆನ್ನಿಗಿರುತ್ತದೋ ಹಾಗೆ ಈ ಕಟ್ಟಡದ ಬೆನ್ನಿಗೆ ಒಂದು ಸಂಸ್ಥೆಯಿತ್ತು. ಫಲಕದ ಅಕ್ಷರ, ಕೂರುವ ಬೆಂಚು, ದೀಪದ ಕಂಬ, ಜಾಹೀರಾತಿನ ಚೌಕಟ್ಟು ಎಲ್ಲವೂ ಒಂದೇ ಮನಸ್ಸಿನಿಂದ ಬಂದಂತಿರಬೇಕೆಂದು ಹಟ ಹಿಡಿದ ಆಡಳಿತವಿತ್ತು. 1933ರ ಜುಲೈನಲ್ಲಿ ಲಂಡನ್ನಿನ ಬಸ್ಸು, ಟ್ರಾಮು, ನೆಲದಡಿ ರೈಲುಗಳೆಲ್ಲ ಒಂದು ಸಾರ್ವಜನಿಕ ಮಂಡಳಿಯ ಕೈಗೆ ಬಂದವು, ಪಿಕ್ ಅದರ ಮುಖ್ಯ ಕಾರ್ಯನಿರ್ವಾಹಕನಾದ. ಒಳ್ಳೆಯ ಕಟ್ಟಡಕ್ಕೆ ಒಳ್ಳೆಯ ವಾಸ್ತುಶಿಲ್ಪಿಯಷ್ಟೇ ಒಳ್ಳೆಯ ಯಜಮಾನನೂ ಬೇಕು. ಯಜಮಾನ ಸರ್ಕಾರವೇ ಆಗಿದ್ದಾಗ ಇನ್ನೂ ಹೆಚ್ಚು ಬೇಕು.

ಹಜಾರ ದಾಟಿ ಹಿಂದಕ್ಕೆ ಹೋದರೆ ಹಳಿಗಳ ಮೇಲೆ ಹಾಯುವ ಸೇತುವೆ, ಅಲ್ಲಿಂದ ಪ್ಲಾಟ್‌ಫಾರಂಗಳಿಗೆ ಇಳಿಯುವ ಮೆಟ್ಟಿಲು. ರಸ್ತೆ ಮೇಲೆ, ಹಳಿ ಕೆಳಗೆ ತೋಡಿದ ಕಣಿವೆಯಲ್ಲಿ. ಎರಡು ದ್ವೀಪದಂಥ ಪ್ಲಾಟ್‌ಫಾರಂಗಳು, ಮೂರು ಹಳಿಗಳು. ಆಚೆಯ ಹಳಿ ಒಂದು ದಿಕ್ಕಿಗೆ, ಈಚೆಯದು ಇನ್ನೊಂದು ದಿಕ್ಕಿಗೆ. ನಡುವಿನ ಹಳಿಗೆ ಎರಡೂ ಬದಿಯಲ್ಲಿ ಪ್ಲಾಟ್‌ಫಾರಂ. ಅಲ್ಲಿ ಬಂದು ನಿಂತ ರೈಲಿನಿಂದ ಯಾವ ಕಡೆಗಾದರೂ ಇಳಿಯಬಹುದು. ಎಲ್ಲ ರೈಲುಗಳೂ ಕಾಕ್‌ಫಾಸ್ಟರ್ಸ್‌ವರೆಗೆ ಹೋಗುವುದಿಲ್ಲ, ಕೆಲವು ಇಲ್ಲೇ ಮುಖ ತಿರುಗಿಸುತ್ತವೆ. ಹಾಗೆ ತಿರುಗುವ ರೈಲು ಹಿಂದಿನ ರೈಲಿಗೆ ಅಡ್ಡವಾಗಬಾರದು, ಮುಂದೆ ಹೋಗಬೇಕಾದವರು ಎದುರು ಬದಿಗೆ ಕಾಲಿಟ್ಟರೆ ಸಾಕು ಎಂಬ ಏರ್ಪಾಡು ಇದು. ಪಕ್ಕದಲ್ಲಿ ರೈಲುಗಳು ತಂಗಲು ಬದಿ ಹಳಿಗಳಿವೆ. ರಸ್ತೆಯ ಕಡೆಯ ಹಜಾರ ಜನರ ಸುಳಿಯನ್ನು ಬಿಡಿಸಿದಂತೆಯೇ ಕೆಳಗಿನ ಮೂರು ಹಳಿಗಳು ರೈಲುಗಳ ಸುಳಿಯನ್ನು ಬಿಡಿಸುತ್ತವೆ. ಫೋಟೋ ತೆಗೆಯುವವರೆಲ್ಲ ಮೇಲಿನ ದುಂಡಿಗೇ ನಿಂತುಬಿಡುತ್ತಾರೆ. ಈ ನಿಲ್ದಾಣದ ಬುದ್ಧಿ ಅರ್ಧ ಕೆಳಗಿದೆ.

ದೋಷಗಳೂ ಇವೆ. ಪ್ಲಾಟ್‌ಫಾರಂ ಬಯಲಿಗೆ ತೆರೆದದ್ದು. ಮೇಲಿನ ಹಜಾರದ ಔದಾರ್ಯ ಕೆಳಗಿಲ್ಲ; ಉತ್ತರದ ಚಳಿಗಾಳಿಗೆ ಅಲ್ಲಿನ ಸೂರು ಪೂರ್ತಿ ಉತ್ತರವಲ್ಲ. ಇನ್ನು ಆ ಟಿಕೆಟ್ ಗೂಡು. ಯಂತ್ರಗಳು, ಸ್ವಯಂಚಾಲಿತ ಗೇಟುಗಳು ಬಂದ ಮೇಲೆ ಅಲ್ಲಿ ಕೂರುವವರಿಲ್ಲ. ಮೇಟಿಕಂಬ ಉಳಿದಿದೆ, ಅದರ ಬುಡದಲ್ಲಿ ಕೂತಿರುತ್ತಿದ್ದ ಮನುಷ್ಯ ಇಲ್ಲ. ಆ ಮನುಷ್ಯನನ್ನು ನಡುವೆ ಕೂರಿಸಿಯೇ ಹೋಲ್ಡನ್ ಈ ವೃತ್ತ ಎಳೆದದ್ದು. ಗೋಡೆಯ ಕಿಂಡಿಯ ಹಿಂದೆ ಅಡಗಿರುವ ಗುಮಾಸ್ತನಲ್ಲ, ನಾಲ್ಕೂ ಕಡೆಯಿಂದ ಕಾಣುವ, ದಾರಿ ಕೇಳಿದರೆ ಹೇಳುವ ಮನುಷ್ಯ. ಈಗ ಗೂಡು ಪಳೆಯುಳಿಕೆಯಂತೆ ನಿಂತಿದೆ. ಗೋಡೆ ಉಳಿಸುವುದು ಸುಲಭ. ಗೋಡೆಯೊಳಗಿನ ರಿವಾಜನ್ನು ಉಳಿಸುವುದು ಕಷ್ಟ.

ಇದಕ್ಕಿಂತ ದೊಡ್ಡ ಪ್ರಶ್ನೆಯೊಂದಿದೆ. ಇದನ್ನು ಜನಸಾಮಾನ್ಯರ ಕಟ್ಟಡವೆಂದು ಹೊಗಳುವವರು ಯಾವ ಜನಸಾಮಾನ್ಯರು ಎಂದು ಕೇಳಿಕೊಳ್ಳಬೇಕು. 1930ರ ದಶಕದಲ್ಲಿ ಇಲ್ಲಿ ಮನೆ ಮಾಡಿದವರು ಲಂಡನ್ನಿನ ಕಡುಬಡವರಲ್ಲ. ಕಂತಿನ ಸಾಲ ಹುಟ್ಟುವಷ್ಟು ಖಾಯಂ ಸಂಬಳ ಇದ್ದವರು. ರೈಲು ಬರುತ್ತದೆಂದ ಕೂಡಲೇ ಹೊಲಗಳ ಬೆಲೆ ಏರಿತು, ಮನೆ ಕಟ್ಟಿ ಮಾರುವವರು ಲಾಭ ಕಂಡರು. ಸಾರ್ವಜನಿಕ ಹಣದ ಖಾತರಿಯಲ್ಲಿ ಬಂದ ರೈಲಿನ ಲಾಭದ ದೊಡ್ಡ ಪಾಲು ಖಾಸಗಿ ಭೂಮಿಗೆ ಸೇರಿತು. ನಿಲ್ದಾಣದ ವೃತ್ತದೊಳಗೆ ಎಲ್ಲರೂ ಸಮ. ಆ ವೃತ್ತದವರೆಗೆ ಬರಲು ಮನೆಯ ಬೆಲೆ ಎಂಬ ಇನ್ನೊಂದು ಗೇಟು ದಾಟಬೇಕಿತ್ತು. ಇದು ಹೋಲ್ಡನ್ನನ ತಪ್ಪಲ್ಲ, ಆದರೆ ಕಟ್ಟಡವನ್ನು ಓದುವಾಗ ಬಿಟ್ಟು ಓದುವ ಹಾಗಿಲ್ಲ.

ಕಾಲ ಆ ಗೇಟನ್ನು ಸ್ವಲ್ಪ ಸಡಿಲಿಸಿತು. ಯುದ್ಧದ ನಂತರದ ದಶಕಗಳಲ್ಲಿ ಲಂಡನ್ನಿನ ಈ ಉತ್ತರದ ಭಾಗಕ್ಕೆ ಸೈಪ್ರಸ್ಸಿನ ಗ್ರೀಕರು, ತುರ್ಕರು ಬಂದು ನೆಲೆಸಿದರು. ಆಮೇಲೆ ಇನ್ನೂ ಹಲವು ದೇಶಗಳವರು ಬಂದರು. ಬಂಧುಗಳ ಮನೆಗೆ ಹೋದಾಗ ಒಂದು ಸಂಜೆ ಈ ಹಜಾರದಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ. ತಲೆಗೆ ಸ್ಕಾರ್ಫ್ ಕಟ್ಟಿದ ಹೆಂಗಸು, ಸಿಮೆಂಟಿನ ಧೂಳು ಹಿಡಿದ ಬೂಟಿನ ಹುಡುಗ, ಕಂಪ್ಯೂಟರ್ ಚೀಲದ ಯುವತಿ, ಎಲ್ಲರೂ ಕಂಬದ ಆಚೆ ಈಚೆ ಹಂಚಿಹೋಗುತ್ತಿದ್ದರು. 1932ರಲ್ಲಿ ಹೋಲ್ಡನ್ನನ ಮನಸ್ಸಿನಲ್ಲಿ ಈ ಮುಖಗಳು ಇದ್ದಿರಲಾರವು. ಆದರೂ ಕಟ್ಟಡಕ್ಕೆ ಅವರನ್ನು ಒಳಗೊಳ್ಳಲು ಏನೂ ಕಷ್ಟವಾಗಿಲ್ಲ. ನೀನು ಯಾರು, ಯಾವ ಊರು ಎಂದು ಕೇಳುವ ಯಾವ ಗುರುತೂ ಅದರ ಗೋಡೆಯ ಮೇಲಿಲ್ಲ. ಅಲಂಕಾರವಿಲ್ಲದಿರುವುದರ ನಿಜವಾದ ಬೆಲೆ ನನಗೆ ತಿಳಿದದ್ದು ಅಲ್ಲಿ. ಅಲಂಕಾರ ಯಾವಾಗಲೂ ಯಾರದ್ದೋ ಆಗಿರುತ್ತದೆ. ಬೆಳಕು ಯಾರದ್ದೂ ಅಲ್ಲ.

ಈ ಕಟ್ಟಡವನ್ನು 1971ರಲ್ಲಿ ಸಂರಕ್ಷಿತ ಪಟ್ಟಿಗೆ ಸೇರಿಸಿದರು, 2011ರಲ್ಲಿ ಅದರ ದರ್ಜೆಯನ್ನು ಇನ್ನೂ ಮೇಲಕ್ಕೇರಿಸಿದರು. ಸರಿಯಾದ ಕೆಲಸವೇ. ಆದರೆ ಕಟ್ಟಡಕ್ಕೆ ಕಾನೂನಿನ ಗೌರವ ಸಿಕ್ಕ ಮೇಲೆ ಅದನ್ನು ಯಾತಕ್ಕೆ ಬಳಸಿಕೊಳ್ಳುತ್ತಾರೆ ಎಂಬುದು ಬೇರೆ ಮಾತು. ನಿಲ್ದಾಣದ ಎರಡು ಬದಿಯಲ್ಲಿ ಕಾರು ನಿಲ್ಲಿಸುವ ಬಯಲುಗಳಿದ್ದವು. ಮನೆಗಳಿಗೆ ಬರಗಾಲವಿರುವ ಆ ನಗರದಲ್ಲಿ ಅಲ್ಲಿ 162 ಬಾಡಿಗೆ ಮನೆಗಳನ್ನು ಕಟ್ಟುವ ಯೋಜನೆಯನ್ನು ಲಂಡನ್ ಸಾರಿಗೆ ಸಂಸ್ಥೆ ಖಾಸಗಿ ಕಂಪನಿಯೊಂದರ ಜತೆ ಸೇರಿ ಮುಂದಿಟ್ಟಿತು. ಸ್ಥಳೀಯರಲ್ಲಿ ಹಲವರು ವಿರೋಧಿಸಿದರು. ಕಾರು ನಿಲ್ಲಿಸಲು ಜಾಗವಿಲ್ಲದಾಗುತ್ತದೆ ಎಂಬುದು ಒಂದು ವಾದ. ಎತ್ತರದ ಮನೆಗಳು ಬಂದರೆ ಹೋಲ್ಡನ್ನನ ದುಂಡು ಮಂಕಾಗುತ್ತದೆ ಎಂಬುದು ಇನ್ನೊಂದು. ಎನ್‌ಫೀಲ್ಡ್ ಕೌನ್ಸಿಲ್ 2021ರಲ್ಲಿ ಅನುಮತಿ ನಿರಾಕರಿಸಿತು. 2022ರ ಮಾರ್ಚ್‌ನಲ್ಲಿ ಮೇಲ್ಮನವಿಯಲ್ಲಿ ಯೋಜನೆಗೆ ಒಪ್ಪಿಗೆ ಸಿಕ್ಕಿತು.

ಇಂಥ ಜಗಳದಲ್ಲಿ ಒಂದೇ ಕಡೆ ಪೂರ್ತಿ ನ್ಯಾಯವಿದೆ ಎನ್ನಲಾಗದು. ವಯಸ್ಸಾದವರಿಗೆ, ರಾತ್ರಿ ಹೊತ್ತು ಒಂಟಿಯಾಗಿ ಬರುವ ಹೆಂಗಸರಿಗೆ ನಿಲ್ದಾಣದ ಹತ್ತಿರವೇ ಕಾರು ಇರುವುದು ಸಣ್ಣ ಅನುಕೂಲವಲ್ಲ. ಆ ಮನೆಗಳಲ್ಲಿ ಶೇ. 40ರಷ್ಟು 'ಕೈಗೆಟುಕುವ' ಬಾಡಿಗೆಯವು ಎಂದಿದ್ದರೂ ಯಾರ ಕೈಗೆ ಎಂಬ ಪ್ರಶ್ನೆ ಉಳಿಯುತ್ತದೆ. ಮಾರುಕಟ್ಟೆಯ ಬಾಡಿಗೆಯಲ್ಲಿ ಒಂದಿಷ್ಟು ಕಡಿಮೆ ಮಾಡಿದ್ದನ್ನೇ ಅಲ್ಲಿ ಆ ಹೆಸರಿನಿಂದ ಕರೆಯುವುದುಂಟು. ಹೊಸ ಕಟ್ಟಡ ಚೆನ್ನಾಗಿರಲೇಬೇಕು ಎಂದು ಒತ್ತಾಯಿಸುವ ಹಕ್ಕು ಹೋಲ್ಡನ್ನನ ನೆರೆಯವರಿಗೆ ಖಂಡಿತ ಇದೆ. ಇಷ್ಟೆಲ್ಲ ಒಪ್ಪಿದ ಮೇಲೂ, ಹೋಲ್ಡನ್ನನ ಹೆಸರು ಹೇಳಿ ಮನೆ ಬೇಡ, ಕಾರಿನ ಬಯಲೇ ಇರಲಿ ಎನ್ನುವ ವಾದ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುವವರಿಗಾಗಿ ಕಟ್ಟಿದ ನಿಲ್ದಾಣ ಇದು. ಅದರ ಸೊಬಗನ್ನು ಮುಂದಿಟ್ಟುಕೊಂಡು ಮನೆಯಿಲ್ಲದವರನ್ನು ತಡೆಯುವುದು, ಮೀರನ ಸರಳ ಸಾಲನ್ನು ರೇಶಿಮೆಯಲ್ಲಿ ಸುತ್ತಿ ಗಿಲೀಟಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಂತೆ. ಓದದ ಷೇರ್‌ಗೆ ಗೌರವ ತೋರಿಸಿದ ಹಾಗಾಗುವುದಿಲ್ಲ.

ಕಟ್ಟಡ ಮಂಕಾಗುವುದೆಂಬ ಭಯಕ್ಕೂ ಕಟ್ಟಡವೇ ಉತ್ತರ ಹೇಳುತ್ತದೆ. ಹೋಲ್ಡನ್ ತನ್ನ ನಿಲ್ದಾಣಗಳನ್ನು ರಾತ್ರಿಗಾಗಿಯೂ ಕಟ್ಟಿದ. ಕತ್ತಲಾದ ಮೇಲೆ ಒಳಗಿನ ದೀಪ ಎತ್ತರದ ಕಿಟಕಿಗಳಿಂದ ಹೊರಕ್ಕೆ ಚೆಲ್ಲಿ, ಆ ಕಣಜ ಕಂದೀಲಿನಂತೆ ಕಾಣುತ್ತದೆ. ಕಂದೀಲು ಹಚ್ಚುವುದು ಸುತ್ತ ಯಾರೂ ಇರಬಾರದೆಂದಲ್ಲ, ಬರುವವರಿಗೆ ದಾರಿ ಕಾಣಲೆಂದು. ಅದರ ಸುತ್ತ ನೂರಾರು ಕಿಟಕಿಗಳಲ್ಲಿ ದೀಪ ಹತ್ತಿದರೆ ಅದಕ್ಕೆ ಅವಮಾನವೇನೂ ಇಲ್ಲ.

ನಮ್ಮ ಊರುಗಳಲ್ಲೂ ಈಗ ದೊಡ್ಡ ದೊಡ್ಡ ನಿಲ್ದಾಣಗಳು ಏಳುತ್ತಿವೆ. ಅವುಗಳನ್ನು ಲಂಡನ್ನಿಗೆ ಹೋಲಿಸಿ ಕೊರಗುವುದು ನನ್ನ ಉದ್ದೇಶವಲ್ಲ. ಅಲ್ಲಿಯೂ ಆರ್ನೋಸ್ ಗ್ರೋವ್‌ನಂಥವು ಕೈಬೆರಳೆಣಿಕೆಯಷ್ಟೇ. ಒಂದು ಕಟ್ಟಡದ ಮುಂದೆ ನಿಂತಾಗ ಕೇಳಬೇಕಾದ ಕೆಲವು ಪ್ರಶ್ನೆಗಳನ್ನು ಅದು ಕಲಿಸುತ್ತದೆ, ಅಷ್ಟು ಸಾಕು. ಇಲ್ಲಿ ಭಾರ ಹೊತ್ತವರು ಕಾಣುತ್ತಾರೆಯೇ? ಜನ ಗಂಟು ಬೀಳದೆ ನಡೆಯುತ್ತಾರೆಯೇ? ಕಾಸು ಕಡಿಮೆಯಿರುವವನ ತಲೆಯ ಮೇಲೂ ಬೆಳಕು ಬೀಳುತ್ತದೆಯೇ? ಮುಂದಿನ ಸಲ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ತಡವಾದಾಗ ಓದುಗರು ಒಮ್ಮೆ ತಲೆಯೆತ್ತಿ ನೋಡಲಿ. ಗೊಣಗಾಟವೇ ಉಳಿದರೂ, ಅದು ಓದಿಕೊಂಡವರ ಗೊಣಗಾಟವಾಗಿರುತ್ತದೆ.